ಒಂದು ಮುದ್ದೆಯ ಹಿಂದೆ ಎಷ್ಟು ಕೈ?

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೊಲದ ಕೆಲಸ, ಮನೆ ಕೆಲಸ ಮುಗಿಸಿ ಬಂದಿದ್ದೀರಿ. ಕೆಲವರು ಊಟ ಮಾಡಿ ಬಂದಿದ್ದೀರಿ. ಕೆಲವರು ಇನ್ನು ಹೋಗಿ ಉಣ್ಣಬೇಕು. ಅದಕ್ಕೇ ಇವತ್ತು ಊಟದ ಮಾತನ್ನೇ ಆಡೋಣ.

ತುಮಕೂರು, ಕೋಲಾರ, ಮಂಡ್ಯ, ಹಾಸನದ ಕಡೆ ಊಟ ಅಂದರೆ ಮುದ್ದೆ. ಇಡೀ ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮ ಕರ್ನಾಟಕ. ಮುದ್ದೆಯನ್ನು ದಿನಾ ನೋಡ್ತೀವಿ. ದಿನಾ ಉಣ್ತೀವಿ. ದಿನಾ ನೋಡುವುದರ ಬಗ್ಗೆ ನಾವು ಯೋಚನೆ ಮಾಡೋದು ಕಡಿಮೆ. ಇವತ್ತು ಒಂದೇ ಒಂದು ಮುದ್ದೆಯನ್ನು ಮುಂದೆ ಇಟ್ಟುಕೊಂಡು ಯೋಚನೆ ಮಾಡೋಣ. ಅದು ಎಲ್ಲಿಂದ ಬಂತು? ಯಾರು ಬೆಳೆದರು? ಅವರಿಗೆ ಏನು ಸಿಕ್ಕಿತು?

ಒಂದು ಮುದ್ದೆಗೆ ಎಷ್ಟು ಕಾಳು?

ಮೊದಲು ಒಂದು ಲೆಕ್ಕ. ರಾಗಿ ಬಹಳ ಸಣ್ಣ ಕಾಳು. ಸಾವಿರ ಕಾಳು ಎಣಿಸಿ ತೂಗಿದರೆ ಸುಮಾರು 3 ಗ್ರಾಂ ಬರುತ್ತದೆ. ಹದವಾದ ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು ಬೇಕು. 3 ಗ್ರಾಂಗೆ ಸಾವಿರ ಕಾಳಾದರೆ 100 ಗ್ರಾಂಗೆ ಎಷ್ಟು? ಸುಮಾರು 33 ಸಾವಿರ ಕಾಳು!

ಎರಡು ಮುದ್ದೆ ಉಂಡವರು 66 ಸಾವಿರ ಕಾಳು ಉಂಡ ಹಾಗಾಯಿತು. ಇಷ್ಟು ಕಾಳನ್ನು ಎಣಿಸುತ್ತಾ ಕೂತರೆ ಬೆಳಗಾಗುತ್ತದೆ. ಎಣಿಸೋದೇ ಇಷ್ಟು ಕಷ್ಟವಾದರೆ, ಬೆಳೆಯೋದು ಎಷ್ಟು ಕಷ್ಟ?

ಆರು ತಿಂಗಳ ದುಡಿಮೆ

ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಿಮ್ಮಲ್ಲಿ ಹೆಚ್ಚಿನವರು ಮಾಡಿಯೇ ಬಂದವರು. ಆದರೂ ಒಮ್ಮೆ ಸಾಲಾಗಿ ಹೇಳ್ತೀನಿ. ಸಾಲಾಗಿ ಕೇಳಿದಾಗಲೇ ನಾವು ಎಷ್ಟು ಮಾಡ್ತೀವಿ ಅನ್ನೋದು ಗೊತ್ತಾಗೋದು.

ಬೇಸಿಗೆಯಲ್ಲೇ ತಿಪ್ಪೆ ಗೊಬ್ಬರವನ್ನು ಹೊಲಕ್ಕೆ ಸಾಗಿಸಬೇಕು. ಮುಂಗಾರು ಮಳೆ ಬಿದ್ದ ಮೇಲೆ ಉಳಬೇಕು. ಪುನರ್ವಸು, ಪುಷ್ಯ ಮಳೆಯ ಹದ ನೋಡಿ ಕೂರಿಗೆಯಲ್ಲಿ ಬಿತ್ತಬೇಕು. ನಡುನಡುವೆ ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಮುದ್ದೆಯ ಜೊತೆಗೆ ಸಾರಿಗೂ ಅದೇ ಹೊಲ ದಾರಿ ಮಾಡಿಕೊಡುತ್ತದೆ.

ಪೈರು ಬಂದ ಮೇಲೆ ಕುಂಟೆ ಹಾಯಿಸಬೇಕು. ಆಮೇಲೆ ಕಳೆ. ಕಳೆ ಕೀಳೋರು ಯಾರು? ಹೆಚ್ಚಾಗಿ ಹೆಂಗಸರು. ಬಗ್ಗಿದ ಸೊಂಟ ಸಂಜೆವರೆಗೂ ನೆಟ್ಟಗಾಗೋದಿಲ್ಲ. ಕಳೆಯ ನಡುವೆ ಸಿಕ್ಕ ಅಣ್ಣೆ ಸೊಪ್ಪು, ಬೆರಕೆ ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು ಬರ್ತಾರೆ. ರಾತ್ರಿ ಅದೇ ಸಾರು.

ತೆನೆ ಬಂದ ಮೇಲೆ ಹಂದಿ ಕಾಯಬೇಕು. ಬೆಂಕಿ ರೋಗ ಬರದೆ ಇರಲಿ ಅಂತ ದೇವರಿಗೆ ಕೈ ಮುಗೀಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲು. ಕೊಯ್ದು, ಕಂತೆ ಕಟ್ಟಿ, ಹೊತ್ತು, ಮೆದೆ ಹಾಕಬೇಕು. ಕಣ ಮಾಡಿ ಬಡಿಯಬೇಕು. ತೂರಬೇಕು. ಮೊರದಲ್ಲಿ ಕೇರಬೇಕು. ಈಗ ಎಷ್ಟೋ ಕಡೆ ಕೊಯ್ಲಿಗೂ ಒಕ್ಕಣೆಗೂ ಯಂತ್ರ ಬಂದಿದೆ. ಮೈ ಸ್ವಲ್ಪ ಉಳಿಯಿತು. ಆದರೆ ಬಾಡಿಗೆ ಕೈಯಿಂದ ಕೊಡಬೇಕು.

ಇಷ್ಟೆಲ್ಲ ಮಾಡಿದರೂ ಬೆಳೆ ಮನೆಗೆ ಬರುತ್ತದೆ ಅನ್ನೋ ಗ್ಯಾರಂಟಿ ಇಲ್ಲ. 2021ರ ನವೆಂಬರ್ ತಿಂಗಳು ನೆನಪಿದೆಯಾ? ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯಿತು. ನಿಂತ ರಾಗಿ ನೆಲಕ್ಕೆ ಮಲಗಿತು. ಎಷ್ಟೋ ಹೊಲಗಳಲ್ಲಿ ತೆನೆಯಲ್ಲೇ ಮೊಳಕೆ ಬಂತು. ಆ ವರ್ಷವೂ ಬಿತ್ತಿದವರು ಬಿತ್ತಿದ್ದರು. ಕಳೆ ಕಿತ್ತವರು ಕಿತ್ತಿದ್ದರು. ಕೆಲಸದಲ್ಲಿ ಏನೂ ಕಡಿಮೆಯಾಗಿರಲಿಲ್ಲ.

ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ಅವರು ಸಿ.ಎಚ್. ಲಕ್ಷ್ಮಣಯ್ಯ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ವಿಜ್ಞಾನಿ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು. ಅವರು ನಮ್ಮ ದೇಶದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಹೊಸ ತಳಿ ಮಾಡಿದರು. ಇಂಡಿಯಾದ ಹೆಸರು, ಆಫ್ರಿಕಾದ ಹೆಸರು ಎರಡೂ ಸೇರಿ ಅದಕ್ಕೆ ಇಂಡಾಫ್ ಅಂತ ಹೆಸರಾಯಿತು. ಇಂಡಾಫ್ ಬಂದ ಮೇಲೆ ಅದೇ ಹೊಲದಲ್ಲಿ ಹೆಚ್ಚು ರಾಗಿ ಬೆಳೆಯಿತು. ನಮ್ಮ ಮುದ್ದೆಯ ಹಿಂದೆ ಅಂಥವರ ಕೈಯೂ ಇದೆ.

ಬೆಳೆಯೋರು ಯಾರು?

ದೇಶಕ್ಕೆ ಅನ್ನ ಕೊಡೋರು ದೊಡ್ಡ ಜಮೀನ್ದಾರರು ಅಂತ ಕೆಲವರು ತಿಳಿದಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. 2015-16ರಲ್ಲಿ ಸರ್ಕಾರ ಕೃಷಿ ಗಣತಿ ಮಾಡಿತು. ಆಗ ನಮ್ಮ ದೇಶದಲ್ಲಿ 100 ಹಿಡುವಳಿಗಳಲ್ಲಿ 86 ಹಿಡುವಳಿಗಳು 2 ಹೆಕ್ಟೇರಿಗಿಂತ ಚಿಕ್ಕವು. 2 ಹೆಕ್ಟೇರ್ ಅಂದರೆ ಸುಮಾರು 5 ಎಕರೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಒಂದು ಎಕರೆ, ಎರಡು ಎಕರೆ. ಕೆಲವರಿಗೆ ಗುಂಟೆ ಲೆಕ್ಕದಲ್ಲಿ.

ಈ ಸಣ್ಣ ಹೊಲಗಳಲ್ಲಿ ದುಡಿಯೋರು ಮನೆಯೋರೇ. ಗಂಡ, ಹೆಂಡತಿ, ಅತ್ತೆ, ಮಾವ, ರಜೆ ಇದ್ದಾಗ ಮಕ್ಕಳು. ಜೊತೆಗೆ ಹೊಲ ಇಲ್ಲದ ಕೂಲಿಯವರು. ಇದನ್ನು ಕುಟುಂಬ ಕೃಷಿ ಅಂತಾರೆ. ಇದು ನಮ್ಮ ಊರಿನ ಸಂಗತಿ ಮಾತ್ರ ಅಲ್ಲ. ಲೋಕದ ಎಲ್ಲ ಕಡೆಯೂ ಇಂಥ ಮನೆಗಳೇ ಊಟ ಬೆಳೆಯುತ್ತಿವೆ. ಅದಕ್ಕೇ ವಿಶ್ವಸಂಸ್ಥೆಯವರು 2014ನ್ನು ಕುಟುಂಬ ಕೃಷಿಯ ವರ್ಷ ಅಂತ ಕರೆದರು. ಒಂದು ವರ್ಷ ಸಾಲದು ಅಂತ 2019ರಿಂದ 2028ರವರೆಗೆ ಹತ್ತು ವರ್ಷಗಳನ್ನೇ ಅದಕ್ಕೆ ಮೀಸಲಿಟ್ಟರು.

ಹೆಸರಿಲ್ಲದ ರೈತರು

ಈಗ ಒಂದು ಮಾತು ಕೇಳ್ತೀನಿ. ನಮ್ಮ ಅಕ್ಕಂದಿರನ್ನು ಯಾರಾದರೂ "ನೀವು ಏನು ಕೆಲಸ ಮಾಡ್ತೀರಮ್ಮ?" ಅಂತ ಕೇಳಿದರೆ ಏನು ಹೇಳ್ತಾರೆ? "ಏನೂ ಇಲ್ಲ ಸಾರ್, ಮನೇಲೇ ಇರ್ತೀನಿ" ಅಂತಾರೆ.

ಮನೇಲೇ ಇರ್ತೀರಾ? ಬೀಜ ಆರಿಸಿದೋರು ಯಾರು? ಕಳೆ ಕಿತ್ತೋರು ಯಾರು? ಕೊಯ್ದೋರು, ಕೇರಿದೋರು ಯಾರು? ಹಸುವಿಗೆ ಮೇವು ಹಾಕಿ, ಸಗಣಿ ಬಾಚಿ, ಗೊಬ್ಬರ ಮಾಡಿದೋರು ಯಾರು? ಇಷ್ಟೆಲ್ಲ ಮಾಡಿ ಮನೆಗೆ ಬಂದು ಒಲೆ ಮುಂದೆ ಕೂತು ಮುದ್ದೆ ತೊಳಸಿದೋರು ಯಾರು?

ರೈತ ಅಂದರೆ ಹೆಗಲ ಮೇಲೆ ಟವೆಲ್ ಹಾಕಿದ ಗಂಡಸಿನ ಚಿತ್ರ ಕಣ್ಣಿಗೆ ಬರುತ್ತದೆ. ಪಹಣಿಯಲ್ಲೂ ಅವರದೇ ಹೆಸರು. ಅದೇ 2015-16ರ ಗಣತಿಯಲ್ಲಿ 100 ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಅಂತ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 14 ಮಾತ್ರ. ದುಡಿಮೆ ಅಷ್ಟೊಂದು, ಹೆಸರು ಇಷ್ಟೇ ಇಷ್ಟು. ಈ ಮಾತು ಈಗ ದೊಡ್ಡ ಕಡೆಗೂ ಮುಟ್ಟಿದೆ. 2026ನೇ ವರ್ಷವನ್ನು ಮಹಿಳಾ ರೈತರ ವರ್ಷ ಅಂತ ವಿಶ್ವಸಂಸ್ಥೆ ಘೋಷಿಸಿದೆ.

ಇನ್ನು ಊಟದ ಹೊತ್ತಿಗೆ ಬನ್ನಿ. ಮೊದಲು ಗಂಡಸರು, ಆಮೇಲೆ ಮಕ್ಕಳು. ಕಡೆಗೆ ಅಕ್ಕ. ಆ ಹೊತ್ತಿಗೆ ಪಾತ್ರೆಯಲ್ಲಿ ಎಷ್ಟು ಉಳಿದಿರುತ್ತದೋ ಅಷ್ಟು. ಸೊಪ್ಪು ಖಾಲಿ, ಕಾಳು ಖಾಲಿ, ನೀರು ಸಾರು ಮಾತ್ರ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಏನು ಕಂಡಿತು ಗೊತ್ತಾ? 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ. ಇದಕ್ಕೆ ಕಾರಣ ಹಲವು ಇವೆ. ಕಡೆಗೆ ಉಳಿದದ್ದನ್ನು ಉಣ್ಣೋದೂ ಅದರಲ್ಲಿ ಒಂದು.

ಊರಿಗೆಲ್ಲ ಊಟ ಬೆಳೆದವಳೇ ಅರೆಹೊಟ್ಟೆ ಉಂಡರೆ, ನಾವು ಅನ್ನಕ್ಕೆ ಕೈ ಮುಗಿದು ಏನು ಬಂತು?

ರಾಗಿಯೂ ಕೀಳಾಗಿತ್ತು

ಬೆಳೆದವರಿಗೆ ಹೇಗೋ, ಬೆಳೆಗೂ ಹಾಗೇ. ರಾಗಿ ಅಂದರೆ ಬಡವರ ಊಟ ಅಂತ ಮೂಗು ಮುರಿದ ಕಾಲ ಇತ್ತು. ನೆಂಟರು ಬಂದರೆ ಮುದ್ದೆ ಬಚ್ಚಿಟ್ಟು ಅನ್ನ ಮಾಡ್ತಿದ್ದರು.

ಕನಕದಾಸರು ಎಷ್ಟೋ ನೂರು ವರ್ಷಗಳ ಹಿಂದೆಯೇ ಇದರ ಮೇಲೆ ಒಂದು ಕಾವ್ಯ ಬರೆದರು. ಅದರ ಹೆಸರು ರಾಮಧಾನ್ಯ ಚರಿತೆ. ಅದರ ಕಥೆ ಹೀಗಿದೆ. ಭತ್ತಕ್ಕೂ ರಾಗಿಗೂ ಯಾರು ಮೇಲು ಅಂತ ಜಗಳ ಬರುತ್ತದೆ. ಶ್ರೀರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಆರು ತಿಂಗಳಾದ ಮೇಲೆ ನೋಡಿದರೆ ಭತ್ತ ಸೊರಗಿದೆ. ರಾಗಿ ಗಟ್ಟಿಯಾಗಿದೆ. ರಾಮ ರಾಗಿಗೆ ಮರ್ಯಾದೆ ಮಾಡಿ ತನ್ನ ಹೆಸರನ್ನೇ ಕೊಡುತ್ತಾನೆ. ಕೀಳು ಅಂದವರ ಗಟ್ಟಿತನವನ್ನು ಕನಕದಾಸರು ಹೀಗೆ ತೋರಿಸಿಕೊಟ್ಟರು.

ಇದು ಬರೀ ಕಥೆಯಲ್ಲ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಬರಗಾಲದಲ್ಲಿ ಅದೇ ಜೀವ ಉಳಿಸಿತು. ಇನ್ನು ಶಕ್ತಿಯ ಮಾತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಅದೇ 100 ಗ್ರಾಂ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ಮೂಳೆಗೆ, ಹಲ್ಲಿಗೆ ಸುಣ್ಣದ ಅಂಶ ಬೇಕೇ ಬೇಕು. ಬೆಳೆಯೋ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಇನ್ನೂ ಹೆಚ್ಚು ಬೇಕು. 2023ನ್ನು ಇಡೀ ಲೋಕವೇ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತು. ಪೇಟೆಯ ದೊಡ್ಡ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಮಾಲ್ಟು ಮಾರ್ತಿದ್ದಾರೆ. ರಾಗಿಗೆ ಮರ್ಯಾದೆ ಬಂತು. ಬೆಳೆದವರಿಗೆ ಬಂತಾ?

ಒಂದು ಮುದ್ದೆಗೆ ಐದು ರೂಪಾಯಿಯೂ ಇಲ್ಲ

ಇನ್ನೊಂದು ಲೆಕ್ಕ ಹಾಕೋಣ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿತು. ಒಂದು ಕ್ವಿಂಟಾಲ್ ಅಂದರೆ 100 ಕಿಲೋ. ಅಂದರೆ ಕಿಲೋಗೆ 48 ರೂಪಾಯಿ 86 ಪೈಸೆ. ಒಂದು ಮುದ್ದೆಗೆ 100 ಗ್ರಾಂ. ಬೆಳೆದವರಿಗೆ ಒಂದು ಮುದ್ದೆಗೆ ಸಿಕ್ಕಿದ್ದು 5 ರೂಪಾಯಿಗೂ ಕಡಿಮೆ. ಪೇಟೆಯ ಹೋಟೆಲಿನಲ್ಲಿ ಒಂದು ಮುದ್ದೆಗೆ ಎಷ್ಟು ಕೊಡ್ತೀರಿ? ನೀವೇ ಹೋಲಿಸಿ ನೋಡಿ.

ಒಂದು ಎಕರೆಗೆ 6 ಕ್ವಿಂಟಾಲ್ ಬಂತು ಅಂತ ಇಟ್ಟುಕೊಳ್ಳಿ. ಬೆಂಬಲ ಬೆಲೆಯಲ್ಲಿ 29,316 ರೂಪಾಯಿ. ಇದರಲ್ಲಿ ಉಳುಮೆಯ ಖರ್ಚು ಕಳೆಯಿರಿ. ಬೀಜ, ಗೊಬ್ಬರ ಕಳೆಯಿರಿ. ಕೂಲಿ ಕಳೆಯಿರಿ. ಯಂತ್ರದ ಬಾಡಿಗೆ ಕಳೆಯಿರಿ. ಮನೆಯೋರೆಲ್ಲ ಆರು ತಿಂಗಳು ದುಡಿದದ್ದಕ್ಕೆ ಉಳಿದದ್ದೆಷ್ಟು?

ಬೆಂಬಲ ಬೆಲೆಯಾದರೂ ಎಲ್ಲರ ಕೈಗೂ ಸಿಗೋದಿಲ್ಲ. ಕೊಯ್ಲಾದ ಕೂಡಲೇ ಸಾಲಗಾರ ಬಾಗಿಲಿಗೆ ಬರ್ತಾನೆ. ಮಕ್ಕಳ ಫೀಸು ಕಟ್ಟಬೇಕು. ಖರೀದಿ ಕೇಂದ್ರ ತೆರೆಯುವ ತನಕ ಕಾಯೋದಕ್ಕೆ ಆಗೋದಿಲ್ಲ. ಬಂದ ಬೆಲೆಗೆ ಕೊಟ್ಟುಬಿಡ್ತಾರೆ. ಕೆಲವರು ಖರೀದಿ ಕೇಂದ್ರಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು ಅನ್ನೋದನ್ನೇ ತಿಳಿದಿರೋದಿಲ್ಲ.

ನಾವು ಇಲ್ಲಿ ಅಕ್ಷರ ಕಲಿಯೋದು, ಅಂಕಿ ಕಲಿಯೋದು ಇದಕ್ಕೇ. ತಕ್ಕಡಿಯಲ್ಲಿ ಬಂದ ಅಂಕಿಯನ್ನು ನಾವೇ ಓದಬೇಕು. ಚೀಟಿಯಲ್ಲಿ ಬರೆದ ತೂಕ, ಬೆಲೆ ಸರಿಯಾ ಅಂತ ನಾವೇ ನೋಡಬೇಕು. ಈ ವರ್ಷ ಬೆಂಬಲ ಬೆಲೆ ಎಷ್ಟು, ಹೆಸರು ಬರೆಸೋಕೆ ಕಡೇ ದಿನ ಯಾವುದು ಅಂತ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಬೇಕು. ಕೇಳಿದ್ದನ್ನು ಬರೆದಿಟ್ಟುಕೊಳ್ಳಬೇಕು. ಪಹಣಿಯಲ್ಲಿ ಯಾರ ಹೆಸರಿದೆ, ಯಾವ ಬೆಳೆ ಬರೆದಿದ್ದಾರೆ ಅಂತ ಓದಿ ನೋಡಬೇಕು.

ನಮ್ಮಲ್ಲಿ ಬೆಳೆಯದೆ ಕೊಂಡು ಉಣ್ಣೋರೂ ಇದ್ದಾರೆ. ಅವರಿಗೂ ಒಂದು ಮಾತು. ಸಂತೆಯಲ್ಲಿ ಅಜ್ಜಿಯೊಬ್ಬಳು ತಾನು ಬೆಳೆದ ಸೊಪ್ಪು, ಅವರೆಕಾಯಿ ಹಾಕಿಕೊಂಡು ಕೂತಿರ್ತಾಳೆ. ಅವಳ ಹತ್ತಿರ ಎರಡು ರೂಪಾಯಿಗೆ ಜಗಳ ಮಾಡ್ತೀವಿ. ಪೇಟೆ ಅಂಗಡಿಯಲ್ಲಿ ಬೆಲೆ ಅಚ್ಚು ಹಾಕಿದ ಪೊಟ್ಟಣಕ್ಕೆ ಬಾಯಿ ಮುಚ್ಚಿಕೊಂಡು ದುಡ್ಡು ಕೊಡ್ತೀವಿ. ಇದು ಸರಿಯಾ? ಬೆಳೆದವರ ಹತ್ತಿರವೇ ಕೊಳ್ಳೋಣ. ಕೇಳಿದ ನ್ಯಾಯವಾದ ಬೆಲೆ ಕೊಡೋಣ. ರೈತರಿಗೆ ಮರ್ಯಾದೆ ಕೊಡೋದು ಅಂದರೆ ಮೊದಲು ಇದು.

ಉಣ್ಣೋದು ಹೇಗೆ?

"ಉಣ್ಣೋದನ್ನೂ ಕಲಿಸ್ತೀರಾ?" ಅಂತ ನಗಬೇಡಿ. ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಇದೆ. ಊಟ ಬಲ್ಲವನು ಅಂದರೆ ಹೆಚ್ಚು ಉಣ್ಣುವವನಲ್ಲ. ಎಷ್ಟು ಬೇಕು, ಯಾವಾಗ ಸಾಕು ಅಂತ ತಿಳಿದವನು.

ಈಗ ಎಷ್ಟೋ ಮನೆಗಳಲ್ಲಿ ಟಿ.ವಿ. ನೋಡ್ತಾ ಉಣ್ತಾರೆ. ಮಕ್ಕಳ ಕೈಗೆ ಮೊಬೈಲು ಕೊಟ್ಟು ಬಾಯಿಗೆ ತುರುಕ್ತಾರೆ. ಏನು ಉಂಡೆ ಅಂತ ಕೇಳಿದರೆ ಹೇಳೋಕೆ ಬರೋದಿಲ್ಲ. ಹೊಟ್ಟೆ ತುಂಬಿದ್ದೂ ಗೊತ್ತಾಗೋದಿಲ್ಲ. ಹೊಟ್ಟೆ ತುಂಬಿತು ಅನ್ನೋ ಸುದ್ದಿ ತಲೆಗೆ ಮುಟ್ಟೋಕೆ ಸ್ವಲ್ಪ ಹೊತ್ತು ಬೇಕು. ಗಬಗಬ ಉಂಡರೆ ಆ ಸುದ್ದಿ ಬರೋ ಮೊದಲೇ ಹೆಚ್ಚು ಉಂಡಿರ್ತೀವಿ.

ಮುದ್ದೆಯನ್ನು ಅಗಿಯೋದಿಲ್ಲ, ನುಂಗ್ತೀವಿ. ನಿಜ. ಆದರೂ ನಿಧಾನವಾಗಿ ಉಣ್ಣಬಹುದು. ಸಣ್ಣದಾಗಿ ಮುರಿದು, ಸಾರಿನಲ್ಲಿ ಅದ್ದಿ, ಬಿಸಿ ನೋಡಿ, ರುಚಿ ನೋಡಿ ಉಣ್ಣಬಹುದು. ಸೊಪ್ಪನ್ನು, ಕಾಳನ್ನು ಚೆನ್ನಾಗಿ ಅಗಿಯಬೇಕು. ಊಟ ಆದ ಕೂಡಲೇ ಟೀ, ಕಾಫಿ ಕುಡಿಯಬಾರದು. ಊಟದಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋದನ್ನು ಅದು ತಡೆಯುತ್ತದೆ. ಒಂದು ಹೋಳು ನಿಂಬೆಹಣ್ಣೋ ಒಂದು ನೆಲ್ಲಿಕಾಯೋ ಇದ್ದರೆ ಒಳ್ಳೆಯದು. ಅದು ಮೈಗೆ ಹತ್ತಲು ನೆರವಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಪಾತ್ರೆ ನಡುವೆ ಇಡಿ. ಅಕ್ಕನ ತಟ್ಟೆಗೂ ಮೊದಲೇ ಬಡಿಸಿ. ಕಾಳು, ಸೊಪ್ಪು ಎಲ್ಲರಿಗೂ ಸಮನಾಗಿ ಬರಲಿ. ಇದಕ್ಕೆ ದುಡ್ಡು ಖರ್ಚಾಗೋದಿಲ್ಲ.

ಎಲೆಯ ಮೇಲೆ ಬಿಟ್ಟು ಏಳಬೇಡಿ

ಕಡೆಯ ಲೆಕ್ಕ ಇದು. ಒಂದು ಮನೆಯಲ್ಲಿ ದಿನಕ್ಕೆ ಕಾಲು ಮುದ್ದೆ ಹಾಳಾಯಿತು ಅಂತ ಇಟ್ಟುಕೊಳ್ಳಿ. ಅಂದರೆ 25 ಗ್ರಾಂ ಹಿಟ್ಟು. ವರ್ಷಕ್ಕೆ 9 ಕಿಲೋಗಿಂತ ಹೆಚ್ಚು. 200 ಮನೆಯ ಊರಿನಲ್ಲಿ 18 ಕ್ವಿಂಟಾಲ್. ಎಕರೆಗೆ 6 ಕ್ವಿಂಟಾಲ್ ಲೆಕ್ಕದಲ್ಲಿ ಮೂರು ಎಕರೆಯ ಬೆಳೆ! ಮೂರು ಎಕರೆ ಉತ್ತು, ಬಿತ್ತು, ಕಳೆ ಕಿತ್ತು, ಕೊಯ್ದು ಚರಂಡಿಗೆ ಸುರಿದ ಹಾಗೆ.

"ನಾವು ಹಳ್ಳಿಯೋರು, ಚೆಲ್ಲೋದಿಲ್ಲ. ರಾತ್ರಿ ಉಳಿದ ಮುದ್ದೆಗೆ ಬೆಳಿಗ್ಗೆ ಮಜ್ಜಿಗೆ ಕಲಸಿ ಈರುಳ್ಳಿ ಕಡ್ಕೊಂಡು ಉಣ್ತೀವಿ. ಮಿಕ್ಕಿದ್ದು ದನಕ್ಕೆ ಹಾಕ್ತೀವಿ" ಅಂತೀರಿ. ಸಂತೋಷ. ಹಾಗೇ ಇರಲಿ. ಆದರೆ ಮದುವೆ, ತಿಥಿ, ಜಾತ್ರೆಯಲ್ಲಿ ಏನಾಗುತ್ತದೆ? ಬೇಡ ಅಂದರೂ ಬಡಿಸ್ತಾರೆ. ಬಡಿಸಿದ್ದನ್ನು ಬಿಟ್ಟು ಏಳ್ತಾರೆ. ಎಲೆ ತುಂಬಾ ಬಿಟ್ಟರೇ ಮರ್ಯಾದೆ ಅಂತ ಕೆಲವರಿಗೆ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ನಗರದ ಕಲ್ಯಾಣ ಮಂಟಪಗಳ ಊಟದ ಲೆಕ್ಕ ತೆಗೆದರು. ಬೆಂಗಳೂರು ಒಂದರಲ್ಲೇ ಮದುವೆ ಊಟದಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳಾಗುತ್ತಿದೆ ಅಂತ ಕಂಡಿತು. ಒಂದು ಟನ್ ಅಂದರೆ 10 ಕ್ವಿಂಟಾಲ್.

ಇಡೀ ಲೋಕದ ಲೆಕ್ಕವೂ ಇದೆ. 2022ರಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು ಅಂತ ವಿಶ್ವಸಂಸ್ಥೆ ಹೇಳಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳಾದದ್ದು ಮನೆಗಳಲ್ಲೇ. ಅದೇ ವರ್ಷ 70 ಕೋಟಿಗೂ ಹೆಚ್ಚು ಜನ ಹಸಿದಿದ್ದರು.

ಅದಕ್ಕೇ ಮದುವೆ ಮಾಡೋರು ಒಂದೊಂದು ಪಲ್ಯ ಕಡಿಮೆ ಮಾಡಿ, ತಪ್ಪಿಲ್ಲ. ಬಡಿಸೋರು ಕೇಳಿ ಬಡಿಸಿ. ಉಣ್ಣೋರು ಬೇಕಾದಷ್ಟೇ ಹಾಕಿಸಿಕೊಳ್ಳಿ. ಬೇಕಾದರೆ ಇನ್ನೊಮ್ಮೆ ಹಾಕಿಸಿಕೊಳ್ಳಿ. ನಾಚಿಕೆ ಬೇಡ.

ಮನೆಗೆ ಹೋಗಿ ಮಾಡುವ ಕೆಲಸ

ಮಾತು ಸಾಕು. ನಾಳೆ ಬರುವಾಗ ಮೂರು ಕೆಲಸ ಮಾಡಿಕೊಂಡು ಬನ್ನಿ.

ಒಂದು. ಇವತ್ತು ರಾತ್ರಿ ಟಿ.ವಿ. ಆರಿಸಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಮಕ್ಕಳನ್ನು ಕೇಳಿ: "ಈ ರಾಗಿ ಎಲ್ಲಿಂದ ಬಂತು ಗೊತ್ತಾ?" ಅವರಿಗೆ ಗೊತ್ತಿಲ್ಲದಿದ್ದರೆ ಹೇಳಿಕೊಡಿ.

ಎರಡು. ನಿಮ್ಮ ತಟ್ಟೆಯ ಮುದ್ದೆ, ಸಾರಿನ ಹಿಂದೆ ಯಾರ ಯಾರ ಕೈ ಇದೆ ಅಂತ ಪಟ್ಟಿ ಮಾಡಿ. ಉತ್ತವರು, ಬಿತ್ತಿದವರು, ಕಳೆ ಕಿತ್ತವರು, ಹೊತ್ತವರು, ಬೀಸಿದವರು, ಬೇಯಿಸಿದವರು. ಹೆಸರು ಗೊತ್ತಿದ್ದರೆ ಹೆಸರು ಬರೆಯಿರಿ. ಅಕ್ಕಂದಿರೇ, ಆ ಪಟ್ಟಿಯಲ್ಲಿ ನಿಮ್ಮ ಹೆಸರು ಮರೆಯಬೇಡಿ. ಹೆಸರಿನ ಮುಂದೆ "ರೈತ ಮಹಿಳೆ" ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ಮೂರು. ಮನೆಯ ಪಹಣಿ ಇದ್ದರೆ ತನ್ನಿ. ಎಲ್ಲರೂ ಕೂಡಿ ಓದೋಣ. ಯಾರ ಹೆಸರಿದೆ, ಯಾರ ಹೆಸರಿಲ್ಲ, ಇಲ್ಲದವರ ಹೆಸರು ಸೇರಿಸೋಕೆ ಎಲ್ಲಿ ಕೇಳಬೇಕು ಅಂತ ಮಾತಾಡೋಣ.

ಹೊತ್ತಾಯಿತು. ಊಟ ಆಗದವರು ಹೊರಡಿ. ಮುದ್ದೆ ಆರಿಹೋದೀತು.